ಪಾಲಿನ ವೈರ್‌ಮನ್ ಮತ್ತು ಎರಡು ಮೈನಸ್

ಜಗಳೂರಿನ ತಿಪ್ಪೇಶಪ್ಪನನ್ನು ನ್ಯಾಮತಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ ಬರೀ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾಲಿನ ವೈರ್‌ಮನ್ ಎಂದರೆ ಮಾತ್ರ ಮಕ್ಕಳೂ ಮನೆ ತೋರಿಸುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಪಂಚರು ಬಂದು ಹೊಲ, ದನ, ಹಿತ್ತಾಳೆ ಹಂಡೆಗಳನ್ನು ಹಂಚುತ್ತಿದ್ದರು. ಅವರು ಎಲೆಯಡಿಕೆ ಹಾಕಿಕೊಂಡು ಎದ್ದುಹೋದ ಮೇಲೆ ತಿಪ್ಪೇಶಪ್ಪ ಏಣಿ ಹೊತ್ತು ಬಂದು ಕರೆಂಟು ಹಂಚುತ್ತಿದ್ದ.

ಎಪ್ಪತ್ತರ ದಶಕದಲ್ಲಿ ಈ ಕೆಲಸಕ್ಕೆ ಬರವಿರಲಿಲ್ಲ. ಕೂಡಿ ಬಾಳುವಾಗ ಹಾಕಿಸಿದ ವೈರುಗಳು ಜಂತಿಯಿಂದ ಜಂತಿಗೆ ಲೆಕ್ಕವಿಲ್ಲದೆ ಹರಿದಾಡಿರುತ್ತಿದ್ದವು. ಬೇರೆಯಾದ ಮೇಲೆ ಅವು ಯಾರಿಂದ ಹೊರಟು ಯಾರಿಗೆ ಹೋಗುತ್ತಿವೆ ಎಂಬುದು ದೊಡ್ಡ ಜಗಳವಾಗುತ್ತಿತ್ತು. ನ್ಯಾಮತಿಯ ಒಂದು ಮನೆಯಲ್ಲಿ ಪಡಸಾಲೆಯ ನಡುವೆ ಗೋಡೆ ಎದ್ದಾಗ ಇದ್ದೊಂದು ಬಲ್ಬು ಸರಿಯಾಗಿ ಗೋಡೆಯ ನೆತ್ತಿಗೆ ಬಂತು. ಯಾರೂ ಬಿಟ್ಟುಕೊಡದೆ, ಅಲ್ಲೊಂದು ಕಿಂಡಿ ಬಿಟ್ಟು ಗೋಡೆ ಕಟ್ಟಿಸಿದರು. ಸ್ವಿಚ್ಚು ತಮ್ಮನ ಕಡೆ ಉಳಿಯಿತು. ಅಣ್ಣನ ಮೇಲೆ ಸಿಟ್ಟು ಬಂದಾಗಲೆಲ್ಲ ತಮ್ಮ ತಾನೂ ಕತ್ತಲೆಯಲ್ಲಿ ಕೂತು ಅಣ್ಣನನ್ನೂ ಕತ್ತಲೆಯಲ್ಲಿ ಕೂರಿಸುತ್ತಿದ್ದ. ತಿಪ್ಪೇಶಪ್ಪ ಹೋಗಿ ಕಿಂಡಿ ಮುಚ್ಚಿಸಿ ಎರಡು ಬಲ್ಬು ಹಾಕಿದ. ಹೊನ್ನಾಳಿಯಲ್ಲಿ ಒಬ್ಬಾಕೆ, ತನ್ನ ಕರೆಂಟಿನಲ್ಲಿ ಓರಗಿತ್ತಿಯ ರೇಡಿಯೋ ಹಾಡುತ್ತಿದೆ ಎಂದು ಊಟ ಬಿಟ್ಟಿದ್ದಳು. ಅವನು ಅಟ್ಟದ ಮೇಲೆ ಅಂಗಾತ ಮಲಗಿ, ಬೆರಳಿನಿಂದ ವೈರು ಸವರುತ್ತಾ ಹೋಗಿ, ಹಾಡುತ್ತಿರುವುದು ರೇಡಿಯೋದೊಳಗಿನ ಸೆಲ್ಲಿನಿಂದ ಎಂದು ತೋರಿಸಿದ. ಆಕೆ ಅದನ್ನು ನಂಬಲಿಲ್ಲ, ಆದರೆ ಊಟ ಮಾಡಿದಳು.

ಈ ಅನುಭವದಿಂದ ಅವನಿಗೊಂದು ನೇಮ ಹುಟ್ಟಿತ್ತು. ಒಬ್ಬರ ವೈರು ಇನ್ನೊಬ್ಬರ ವೈರಿಗೆ ತಾಗಬಾರದು. ಫೇಸ್ ಬೇರೆ, ನ್ಯೂಟ್ರಲ್ ಬೇರೆ, ಪೈಪು ಬೇರೆ. ಕೊನೆಗೆ ಮೊಳೆ ಕೂಡ ಬೇರೆ. "ನನ್ನ ಕೈಯಾಗೆ ಬೇರೆ ಆದ ಮನೆ ಮತ್ತೆ ಒಂದಾಗಿಲ್ಲ" ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ಆ ಹೆಮ್ಮೆ ಎಂಥದ್ದು ಎಂದು ಅವನಾಗಲಿ ಕೇಳುವವರಾಗಲಿ ಯೋಚಿಸಿರಲಿಲ್ಲ.

ತನ್ನ ಮನೆಯನ್ನೂ ಅವನು ಬಿಟ್ಟಿರಲಿಲ್ಲ. ಜಗಳೂರಿನಲ್ಲಿ ಅಣ್ಣ ದುರುಗಪ್ಪನಿಂದ ಬೇರೆಯಾದಾಗ ವೈರನ್ನು ಸ್ವಂತ ಕೈಯಿಂದ ಕತ್ತರಿಸಿ, "ಇನ್ನು ಈ ಮನೇಲಿ ಒಂದು ತಂಬಿಗೆ ನೀರೂ ಕುಡಿಯಲ್ಲ" ಎಂದು ಹೇಳಿ ಬಂದಿದ್ದ. ತನ್ನ ಪಾಲಿಗೆ ಬಂದ ಎರಡಂಕಣವನ್ನು ಆಮೇಲೆ ಮಾರಿಯೂ ಬಿಟ್ಟ. ಅಲ್ಲಿಂದ ಹೆಂಡತಿ ಭೀಮಕ್ಕ ಪಾತ್ರೆಪಗಡ ಕಟ್ಟಿಕೊಂಡು ಅವನ ಹಿಂದೆ ಊರೂರು ತಿರುಗುತ್ತಿದ್ದಳು. ಮನೆ ಹಂಚುವವನಿಗೆ ಬಾಡಿಗೆಗೆ ಮನೆ ಕೊಡಲು ಜನ ಹೆದರುತ್ತಿದ್ದರು. ಅವನು ಕಾಲಿಟ್ಟರೆ ತಮ್ಮ ಮನೆಯೂ ಒಡೆದೀತೆಂಬ ಅಂಜಿಕೆ.

ಎಂಬತ್ತೇಳರಲ್ಲಿ ಚನ್ನಗಿರಿಯಿಂದ ಕರೆ ಬಂತು. ಅಲ್ಲಿ ಬೆನಕಪ್ಪ, ಮಹೇಶ್ವರಪ್ಪ ಎಂಬ ಅಣ್ಣತಮ್ಮಂದಿರಿಗೆ ಕುಚ್ಚಲಕ್ಕಿಯ ಮಿಲ್ಲಿತ್ತು. ಬೇರೆಯಾದ ಮೇಲೆ ಮಿಲ್ಲನ್ನೂ ಹಂಚಿಕೊಂಡಿದ್ದರು: ಭತ್ತ ಬೇಯಿಸಿ ಒಣಗಿಸುವ ಅರ್ಧ ಅಣ್ಣ ಬೆನಕಪ್ಪನದು, ಸಿಪ್ಪೆ ಬಿಡಿಸಿ ಪಾಲಿಶ್ ಮಾಡುವ ಅರ್ಧ ತಮ್ಮ ಮಹೇಶ್ವರಪ್ಪನದು. ಅಣ್ಣನ ಭತ್ತ ಎಲಿವೇಟರ್ ಹತ್ತಿ ಗೋಡೆ ದಾಟಿ ತಮ್ಮನ ತೊಟ್ಟಿಗೆ ಬೀಳಬೇಕು. ಒಬ್ಬನಿಲ್ಲದೆ ಇನ್ನೊಬ್ಬನಿಗೆ ಅಕ್ಕಿಯಿಲ್ಲ. ಇದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ಮಾತಾಡುತ್ತಿರಲಿಲ್ಲ. ಆಂಧ್ರದ ಕಡೆ ಎಲ್ಲೋ ನೋಡಿ ಬಂದು, ಎರಡೂ ಅರ್ಧಗಳನ್ನು ತಾನೇ ನಡೆಸುವ ಒಂದು ಕಂಟ್ರೋಲರ್ ಪೆಟ್ಟಿಗೆಯನ್ನು ಪಂಚರ ಮುಖಾಂತರ ಕೂಡಿ ತರಿಸಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೊಳ್ಳುವಷ್ಟು ಅದು ಅಗ್ಗವಾಗಿರಲಿಲ್ಲ.

ಬೆನಕಪ್ಪ ಮೊದಲ ದಿನವೇ ಹೇಳಿದ: "ನೋಡು ತಿಪ್ಪೇಶಪ್ಪ, ಸುಗ್ಗಿ ಶುರುವಾಗೋ ಹೊತ್ತಿಗೆ ಮಿಷನ್ ಓಡಬೇಕು. ಓಡಿದ್ರೆ ಮಿಲ್ಲಿನ ಕಾಯಂ ವೈರ್‌ಮನ್ ನೀನೇ. ಹಿಂದಿನ ಕೋಣೆ ನಿಂಗೆ."

"ಓಡದಿದ್ರೆ?" ಎಂದು ಬಾಗಿಲ ಹಿಂದಿನಿಂದ ಭೀಮಕ್ಕ ಕೇಳಿದಳು.

"ಓಡದಿದ್ರೆ ಚನ್ನಗಿರಿಯಿಂದ ಜಗಳೂರಿಗೆ ಹೋಗೋ ದಾರಿ ನಿಮಗೇ ಗೊತ್ತೈತಲ್ಲವ್ವ."

ಕೋಣೆಗೆ ಒಂದು ಕಿಟಕಿ, ಗಟ್ಟಿ ಬಾಗಿಲು, ಹಿಂದೆ ಪಾತ್ರೆ ತೊಳೆಯಲು ಕಲ್ಲು ಇತ್ತು. ಭೀಮಕ್ಕ ಒಲೆ ಹೂಡಿ, ಹುತ್ತದ ಮಣ್ಣು ಮೆತ್ತಿ, ಗಂಡನಿಗೆ ಹೇಳಿದಳು: "ಇದೇ ಕಡೇ ಒಲೆ. ಇನ್ನೊಂದು ಹೂಡಾಕೆ ನನ್ನ ಕೈಲಾಗಲ್ಲ. ಇದು ಹೋದ್ರೆ ಸೀದಾ ನಿಮ್ಮಣ್ಣನ ಮನೆ."

ತಿಪ್ಪೇಶಪ್ಪನಿಗೆ ಅಣ್ಣನ ಮನೆಯ ತಂಬಿಗೆ ಕಣ್ಣ ಮುಂದೆ ಬಂತು. ಕೆಲಸಕ್ಕೆ ಇಳಿದ.

ಕಂಟ್ರೋಲರ್ ಎಂಬುದು ಹಾಸಿಗೆಯ ದಿಂಬಿನಷ್ಟು ದೊಡ್ಡ ಪೆಟ್ಟಿಗೆ. ಮಿಲ್ಲಿನ ಅಲ್ಲಲ್ಲಿ ಕೂರಿಸಿದ ಸ್ವಿಚ್ಚುಗಳು ತೊಟ್ಟಿ ತುಂಬಿತು, ಆವಿ ಏರಿತು ಎಂದು ಅದಕ್ಕೆ ಸುದ್ದಿ ಮುಟ್ಟಿಸಬೇಕು. ಸುದ್ದಿ ಮುಟ್ಟಿದರೆ ಪೆಟ್ಟಿಗೆಯ ಮುಖದ ಮೇಲೆ ಒಂದು ಕೆಂಪು ದೀಪ ಹತ್ತುತ್ತದೆ. ಆ ಸುದ್ದಿಯಂತೆ ಪೆಟ್ಟಿಗೆ ಮೋಟಾರು ನಿಲ್ಲಿಸುತ್ತದೆ, ಓಡಿಸುತ್ತದೆ. ಸುದ್ದಿಯನ್ನು ಹೊತ್ತು ತರುವುದು ಇಪ್ಪತ್ನಾಲ್ಕು ವೋಲ್ಟಿನ ಸಣ್ಣ ಡಿ.ಸಿ. ಕರೆಂಟು. ಅದಕ್ಕೆಂದು ಕಂಪನಿಯವರು ಒಂದು ಸಪ್ಲೈ ಡಬ್ಬಿ ಕಳಿಸಿದ್ದರು.

"ಈ ಡಬ್ಬಿಗೆ ಕರೆಂಟು ಯಾರ ಮೀಟರಿಂದ?" ಎಂದು ಮಹೇಶ್ವರಪ್ಪ ಕೇಳಿದ.

ಅಲ್ಲಿಗೆ ಒಂದು ಡಬ್ಬಿಯ ಮಾತು ಮುಗಿಯಿತು. ತಿಪ್ಪೇಶಪ್ಪ ದಾವಣಗೆರೆಗೆ ಬಸ್ಸು ಹತ್ತಿ ಇನ್ನೊಂದು ತಂದ. ಅಣ್ಣನ ಸ್ವಿಚ್ಚುಗಳಿಗೆ ಅಣ್ಣನ ಸಪ್ಲೈ, ತಮ್ಮನವಕ್ಕೆ ತಮ್ಮನದು. ಪೆಟ್ಟಿಗೆಯ ಸ್ವಂತ ಹೊಟ್ಟೆಗೆ ಬೇಕಾದ ಕರೆಂಟನ್ನು ತಿಂಗಳು ಬಿಟ್ಟು ತಿಂಗಳು ಇಬ್ಬರೂ ಕೊಡುವುದೆಂದಾಯಿತು. ಗೋಡೆಯ ಎಡಕ್ಕೆ ಕೆಂಪು ಪೈಪು, ಬಲಕ್ಕೆ ಹಸಿರು ಪೈಪು ಓಡಿಸಿ, ಎಲ್ಲೂ ಒಂದಕ್ಕೊಂದು ತಾಗದ ಹಾಗೆ ಕಟ್ಟಿ ಮುಗಿಸಿ, ಅವನು ಕೆಳಗಿಳಿದು ತನ್ನ ಕೆಲಸವನ್ನು ತಾನೇ ಸ್ವಲ್ಪ ಹೊತ್ತು ನೋಡಿದ.

ಪೆಟ್ಟಿಗೆಯಲ್ಲಿ ಒಂದು ತೊಡಕಿತ್ತು. ಸುದ್ದಿ ತರುವ ವೈರುಗಳಿಗೆಲ್ಲ ಬೇರೆ ಬೇರೆ ಸ್ಕ್ರೂ. ಕರೆಂಟು ವಾಪಸು ಹೋಗುವ ಮೈನಸ್ಸಿಗೆ ಮಾತ್ರ ಇಡೀ ಪೆಟ್ಟಿಗೆಗೆ ಒಂದೇ ಸ್ಕ್ರೂ, ಕಾಮನ್ ಎಂದು ಅದರ ಹೆಸರು. ಒಂದೇ ಸ್ಕ್ರೂವಿನಲ್ಲಿ ಇಬ್ಬರ ವೈರು ಎಂದರೆ ತಿಪ್ಪೇಶಪ್ಪನ ನೇಮಕ್ಕೆ ಅದು ಆಗದ ಮಾತು. ಹಿರಿಯರು ಎಂದು ಬೆನಕಪ್ಪನ ಮೈನಸ್ಸನ್ನು ಅಲ್ಲಿ ಕಟ್ಟಿದ. ಮಹೇಶ್ವರಪ್ಪನ ಮೈನಸ್ಸಿನ ತುದಿಗೆ ಟೇಪು ಸುತ್ತಿ ಅಚ್ಚುಕಟ್ಟಾಗಿ ಬಿಟ್ಟ.

ಪರೀಕ್ಷೆಗೆಂದು ಮಿಲ್ಲಿನ ಸ್ವಿಚ್ಚುಗಳನ್ನೆಲ್ಲ ಒತ್ತಿ ಕಟ್ಟಿ ಕರೆಂಟು ಕೊಟ್ಟಾಗ ಅಣ್ಣನ ದೀಪಗಳೆಲ್ಲ ಹತ್ತಿದವು. ತಮ್ಮನದು ಒಂದೂ ಹತ್ತಲಿಲ್ಲ.

"ಯಾಕಪ್ಪ, ನನ್ನ ಕಡೆ ದೀಪಕ್ಕೆ ಸೂತಕವೇನು?" ಎಂದ ಮಹೇಶ್ವರಪ್ಪ.

ಮಾರನೆಯ ದಿನ ತಿಪ್ಪೇಶಪ್ಪ ಅಣ್ಣನ ಮೈನಸ್ಸು ಬಿಚ್ಚಿ ತಮ್ಮನದನ್ನು ಕಟ್ಟಿದ. ತಮ್ಮನ ದೀಪಗಳು ಹತ್ತಿದವು, ಅಣ್ಣನವು ಆರಿದವು. ಬೆನಕಪ್ಪ ತಮ್ಮನ ಕಡೆ ನೋಡದೆ ವೈರ್‌ಮನ್‌ಗೆ ಹೇಳಿದ: "ಬೆಳಿಗ್ಗೆ ಅವನ ಮನೇಲಿ ಉಪ್ಪಿಟ್ಟು ತಿಂದ್ಯಂತೆ."

"ತಿಂದೆ ಸಾವ್ಕಾರ್ರೆ. ನಿನ್ನೆ ನಿಮ್ಮನೇಲಿ ರೊಟ್ಟಿ ತಿಂದಿದ್ದೆ."

"ಅದಕ್ಕೇ ನಿನ್ನೆ ನಂದು ಹತ್ತಿತ್ತು."

ಎರಡು ದಿನ ಇದೇ ನಡೆಯಿತು. ಸ್ಕ್ರೂವಿನ ಗೀರು ಸವೆಯಿತು. ಕೊನೆಗೆ ಬೆನಕಪ್ಪ ಬೆಂಗಳೂರಿನ ಕಂಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿ ರಿಸೀವರನ್ನು ತಿಪ್ಪೇಶಪ್ಪನ ಕೈಗೆ ಕೊಟ್ಟ. ಆ ತುದಿಯಲ್ಲಿದ್ದವರು ಪೆಟ್ಟಿಗೆಯನ್ನು ಜೋಡಿಸಿದ ಇಂಜಿನಿಯರ್, ನಿರ್ಮಲಮ್ಮ ಎಂಬಾಕೆ. ಹೆಂಗಸಿನ ದನಿ ಕೇಳಿ ತಿಪ್ಪೇಶಪ್ಪ, ಇಂಜಿನಿಯರನ್ನು ಕರೆಯಿರಿ ಎಂದ. ಕರೆದಾಗಿದೆ, ಮಾತಾಡಿ ಎಂದರು ಆಕೆ. ಅವನು ಎಲ್ಲ ವಿವರಿಸಿದ.

"ಎರಡೂ ಸಪ್ಲೈಗಳ ಮೈನಸ್ ಸೇರಿಸಿ ಕಾಮನ್‌ಗೆ ಕೊಟ್ಟಿದೀರಾ?"

"ಇಲ್ಲ ಮೇಡಂ. ನಾನು ಒಬ್ಬರ ವೈರನ್ನ ಒಬ್ಬರಿಗೆ ಸೇರಿಸೋ ಪೈಕಿ ಅಲ್ಲ."

"ನಿಮ್ಮ ನಡತೆ ವಿಚಾರ ನಾನು ಕೇಳ್ತಿಲ್ಲ. ಕರೆಂಟು ಎಲ್ಲಿಂದ ಹೊರಡುತ್ತೋ ಅಲ್ಲಿಗೇ ವಾಪಸ್ ಹೋಗ್ಬೇಕು. ವಾಪಸ್ ಹೋಗೋಕೆ ದಾರಿ ಇಲ್ದಿದ್ರೆ ಹೊರಡೋದೇ ಇಲ್ಲ. ಎರಡೂ ಮೈನಸ್ ಸೇರಿಸಿ ಕಾಮನ್‌ಗೆ ಕೊಡಿ. ಪ್ಲಸ್ ಮಾತ್ರ ಸೇರಿಸ್ಬೇಡಿ, ಅವು ಬೇರೆ ಬೇರೆನೇ ಇರ್ಲಿ. ಬರ್ಕೊಂಡ್ರಾ?"

"ತಲೇಲಿ ಇಟ್ಕೊಂಡೆ ಮೇಡಂ."

"ತಲೇಲಿ ಇದ್ರೆ ದೀಪ ಹತ್ತಲ್ಲ. ಮಾಡಿ" ಎಂದು ಆಕೆ ಫೋನಿಟ್ಟರು.

"ಏನಂದ್ರು?" ಎಂದ ಬೆನಕಪ್ಪ.

"ನೋಡ್ತೀವಿ ಅಂದ್ರು" ಎಂದ ತಿಪ್ಪೇಶಪ್ಪ.

ಅವನು ದಡ್ಡನಾಗಿರಲಿಲ್ಲ. ನಿರ್ಮಲಮ್ಮ ಹೇಳಿದ್ದು ಅವನಿಗೆ ಸಂಪೂರ್ಣ ಅರ್ಥವಾಗಿತ್ತು. ಆದರೆ ಈ ಅಣ್ಣತಮ್ಮಂದಿರು ಅವನನ್ನು ಕರೆಸಿದ್ದೇ ಅವನು ಯಾವುದನ್ನೂ ಸೇರಿಸುವುದಿಲ್ಲ ಎಂಬ ಹೆಸರು ಕೇಳಿ. ಅವರ ಮುಂದೆ ನಿಂತು ಇಬ್ಬರ ವೈರನ್ನೂ ಕೂಡಿಸುತ್ತೇನೆಂದರೆ ಹೆಸರೂ ಹೋಗುತ್ತದೆ, ಕೋಣೆಯೂ ಹೋಗುತ್ತದೆ ಎಂದು ಅವನ ಲೆಕ್ಕ. ಸಂಜೆ ಹೆಂಡತಿಗೆ ಮಾತ್ರ ಹೇಳಿದ.

"ಸೇರಿಸಿದ್ರೆ ಓಡ್ತೈತೆ ತಾನೆ?" ಎಂದಳು ಭೀಮಕ್ಕ.

"ಓಡ್ತೈತೆ. ನನ್ನ ಹೆಸರು ಏನಾಗ್ಬೇಕು?"

"ಹೆಸರಿನ ಕೆಳಗೆ ಮಲಗಾಕೆ ಆಗ್ತೈತೇನ್ರಿ? ಸೂರಿನ ಕೆಳಗೆ ಮಲಗ್ಬೇಕು."

ಅವನು ಮಾರನೆಯ ದಿನ ಒಂದು ಉಪಾಯದೊಂದಿಗೆ ಎದ್ದ. ಭದ್ರಾ ಕಾಲುವೆಯ ನೀರನ್ನು ಊರಿನವರು ಹೇಗೆ ಬಿಟ್ಟುಕೊಳ್ಳುತ್ತಾರೆ? ಪಾಳಿಯಲ್ಲಿ. ಹಾಗೆಯೇ ಮೈನಸ್ಸಿಗೂ ಪಾಳಿ. ಗೋಡೆಗೆ ಒಂದು ಹಿಡಿಕೆಯ ಸ್ವಿಚ್ಚು ಹೊಡೆದ. ಹಿಡಿಕೆ ಎಡಕ್ಕೆ ತಳ್ಳಿದರೆ ಕಾಮನ್‌ಗೆ ಅಣ್ಣನ ಮೈನಸ್, ಬಲಕ್ಕೆ ತಳ್ಳಿದರೆ ತಮ್ಮನದು. ಮಧ್ಯಾಹ್ನದವರೆಗೆ ಬೆನಕಪ್ಪನ ಪಾಳಿ, ಆಮೇಲೆ ಮಹೇಶ್ವರಪ್ಪನದು. ವೈರಿಗೆ ವೈರು ತಾಗುವುದೇ ಇಲ್ಲ.

ಆ ಸೀಮೆಯಲ್ಲಿ ಪಾಳಿ ಎಂದರೆ ಯಾರೂ ಎದುರಾಡುವುದಿಲ್ಲ. ಅಣ್ಣತಮ್ಮಂದಿರಿಬ್ಬರೂ ತಲೆದೂಗಿದರು. "ಇದು ನ್ಯಾಯ" ಎಂದ ಬೆನಕಪ್ಪ. ಭೀಮಕ್ಕ ಮಾತ್ರ ಕೋಣೆಗೆ ಸುಣ್ಣ ತರಿಸುವುದನ್ನು ಮುಂದಕ್ಕೆ ಹಾಕಿದಳು.

ಸುಗ್ಗಿಯ ಮೊದಲ ಭತ್ತ ಬಂತು. ಬೆಳಗಿನ ಪಾಳಿ, ಹಿಡಿಕೆ ಅಣ್ಣನ ಕಡೆಗಿತ್ತು. ಬೆಂದು ಒಣಗಿದ ಭತ್ತ ಎಲಿವೇಟರಿನಲ್ಲಿ ಹತ್ತಿ ಗೋಡೆ ದಾಟಿ ತಮ್ಮನ ತೊಟ್ಟಿಗೆ ಬೀಳತೊಡಗಿತು. ತೊಟ್ಟಿಯ ಕೆಳಗೆ ಗಾದಿಯ ಮೇಲೆ ಮಹೇಶ್ವರಪ್ಪ ಕೂತು, ಹೊನ್ನಾಳಿಯಿಂದ ಬಂದ ಅಕ್ಕಿ ವ್ಯಾಪಾರಿ ಬಂಗಾರಪ್ಪನಿಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿ, ಹೊಸ ಮಿಷನ್ನಿನ ಗುಣಗಾನ ಮಾಡುತ್ತಿದ್ದ.

"ಮನುಷ್ಯರೇ ಬ್ಯಾಡ ಬಂಗಾರಪ್ಪಾರೆ. ತೊಟ್ಟಿ ತುಂಬಿದ ಕೂಡ್ಲೆ ತಾನೇ ನಿಲ್ತೈತೆ."

ತೊಟ್ಟಿ ತುಂಬಿತು. ತುಂಬಿತೆಂದು ಹೇಳುವ ಸ್ವಿಚ್ಚು ತನ್ನ ಕೆಲಸ ಮಾಡಿತು. ಆದರೆ ಅದು ತಮ್ಮನ ಸ್ವಿಚ್ಚು, ತಮ್ಮನ ಪಾಳಿಯಲ್ಲ. ಪೆಟ್ಟಿಗೆಗೆ ಸುದ್ದಿ ಮುಟ್ಟಲಿಲ್ಲ, ಎಲಿವೇಟರ್ ನಿಲ್ಲಲಿಲ್ಲ. ಮೊದಲು ಬಂಗಾರಪ್ಪನ ಮಂಡಕ್ಕಿಯಲ್ಲಿ ನಾಲ್ಕು ಭತ್ತದ ಕಾಳು ಬಿದ್ದವು. ಅವನು ಅವನ್ನು ಆರಿಸಿ ಪಕ್ಕಕ್ಕಿಟ್ಟು ತಿನ್ನುವುದನ್ನು ಮುಂದುವರಿಸಿದ. ಆಮೇಲೆ ಮಹೇಶ್ವರಪ್ಪನ ಕುತ್ತಿಗೆ ಮತ್ತು ಅಂಗಿಯ ನಡುವೆ ಬೆಚ್ಚಗೆ ಏನೋ ಇಳಿಯಿತು. ಅವನು ಮೇಲೆ ನೋಡಿದ್ದೇ ತಪ್ಪಾಯಿತು. ಆಳುಗಳು ಓಡಿಹೋಗಿ ಮೇನ್ ಸ್ವಿಚ್ ಎಳೆಯುವ ಹೊತ್ತಿಗೆ ಗಾದಿ ಕಾಣುತ್ತಿರಲಿಲ್ಲ, ವ್ಯಾಪಾರಿ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ.

ಮಹೇಶ್ವರಪ್ಪ ಬಾಯಿಂದ ಹೊಟ್ಟು ಉಗಿದು, ಎರಡು ವರ್ಷದ ಮೇಲೆ ಮೊದಲ ಬಾರಿಗೆ ಅಣ್ಣನ ಜೊತೆ ನೇರವಾಗಿ ಮಾತಾಡಿದ: "ಅಣ್ಣಾ, ಪಾಲಿನಾಗೆ ಕಮ್ಮಿ ಕೊಟ್ಟಿದ್ದು ಸಾಲ್ಲಿಲ್ಲೇನು? ಜೀವ ಇರೋವಾಗ್ಲೇ ಹೂಳಾಕೆ ಹತ್ತಿದೀಯಲ್ಲ."

"ನಿನ್ನ ತೊಟ್ಟಿ ತುಂಬಿದ್ರೆ ನೀನು ಹೇಳ್ಬೇಕಪ್ಪ. ನನ್ನ ಪಾಳೀಲಿ ನಾನು ಭತ್ತ ಬಿಟ್ಟೆ."

"ಹೇಳಾಕೆ ನನ್ನ ಪಾಳಿ ಇರ್ಲಿಲ್ವಲ್ಲ."

ಮಾತು ಎರಡು ಕಡೆಯಿಂದಲೂ ಸರಿಯಾಗಿತ್ತು. ಹಾಗಾಗಿ ಇಬ್ಬರೂ ಒಟ್ಟಿಗೆ ತಿಪ್ಪೇಶಪ್ಪನ ಕಡೆ ತಿರುಗಿದರು.

"ನಾಳೆ ಮಿಷನ್ ಬೆಂಗಳೂರಿಗೆ ವಾಪಸ್. ನೀನು ಜಗಳೂರಿಗೆ" ಎಂದ ಬೆನಕಪ್ಪ.

ಹಿಂದಿನ ಕಲ್ಲಿನ ಮೇಲೆ ಪಾತ್ರೆ ಬೆಳಗುತ್ತಿದ್ದ ಭೀಮಕ್ಕ ಇದನ್ನು ಕೇಳಿ, ಬೂದಿಯ ಕೈಯಲ್ಲೇ ಮಿಲ್ಲಿನೊಳಗೆ ಬಂದಳು. ಅವಳು ಅಲ್ಲಿಯವರೆಗೆ ಬಾಗಿಲು ದಾಟಿ ಒಳಗೆ ಬಂದವಳಲ್ಲ.

"ಸಾವ್ಕಾರ್ರೆ, ಮಿಷನ್ ಸರಿ ಐತೆ. ಬೆಂಗಳೂರಿನ ಅಮ್ಮಾರು ಅವತ್ತೇ ಸರಿಯಾಗಿ ಹೇಳಿದಾರೆ. ಇವ್ರು ಹೊಟ್ಟೇಲಿ ಇಟ್ಕೊಂಡು ಕೂತಾರೆ." ಗಂಡನ ಕಡೆ ತಿರುಗಿದಳು. "ಹೇಳ್ತೀರೋ, ನಾನು ಗಂಟು ಕಟ್ಟಲೋ? ಗಂಟು ಕಟ್ಟಿದ್ರೆ ನಿಮ್ಮಣ್ಣನ ಮನೆ ತಂಬಿಗೇಲಿ ನಾನೇ ನೀರು ಕುಡಿಸ್ತೀನಿ."

ತಿಪ್ಪೇಶಪ್ಪ ಟೆಸ್ಟರನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಹಾಕಿದ. "ಇಬ್ಬರ ಮೈನಸ್ಸೂ ಸೇರಿಸ್ಬೇಕು" ಎಂದ.

"ನನ್ನದು ಅವನ ಜೊತೆಗೋ?" ಎಂದರು ಇಬ್ಬರೂ. ಅಷ್ಟೊಂದು ಒಮ್ಮತ ಆ ಮಿಲ್ಲಿನಲ್ಲಿ ಯಾರೂ ಕಂಡಿರಲಿಲ್ಲ. ಇಂಥ ಮಾತು ಹೇಳಲಿಕ್ಕಾ ನಿನ್ನನ್ನು ಕರೆಸಿದ್ದು ಎಂದ ಒಬ್ಬ. ಪಾಲಿನ ವೈರ್‌ಮನ್ ಅಂತೆ ಎಂದ ಇನ್ನೊಬ್ಬ.

ತಿಪ್ಪೇಶಪ್ಪ ಹೆಂಡತಿಯ ಬೂದಿ ಕೈ ನೋಡಿದ. ಆ ಕೈಯಿಂದ ತೊಟ್ಟಿಕ್ಕುತ್ತಿದ್ದ ನೀರು ನೋಡಿದ. ಹಿಂದಿನ ಬಾಗಿಲಿನಾಚೆ, ಕಲ್ಲಿನ ಪಕ್ಕ ಹರಿಯುವ ಮೋರಿ ಅವನಿಗೆ ಅಲ್ಲಿಂದಲೇ ಕಾಣುತ್ತಿತ್ತು.

"ಹಿತ್ತಲ ಬಾವಿ ಯಾರದು?" ಎಂದು ಬೆನಕಪ್ಪನನ್ನು ಕೇಳಿದ.

"ನಂದು."

"ನಿಮಗೆ?"

"ನಂದು ಬೋರ್‌ವೆಲ್" ಎಂದ ಮಹೇಶ್ವರಪ್ಪ. "ಅವನ ಬಾವಿ ನೀರು ನಾನು ಮುಟ್ಟಲ್ಲ."

"ಇಬ್ಬರ ಬಚ್ಚಲ ನೀರೂ ಎಲ್ಲಿಗೆ ಹೋಗ್ತೈತೆ?"

"ಮೋರಿಗೆ. ಅದನ್ನೂ ಯಾರಾದ್ರೂ ಪಾಲು ಕೇಳ್ತಾರೇನು?" ಎಂದ ಬೆನಕಪ್ಪ.

"ಮೈನಸ್ ಅಂದ್ರೆ ಮೋರಿ ಸಾವ್ಕಾರ್ರೆ. ಪ್ಲಸ್ ನಿಮ್ಮ ಬಾವಿ, ಅದು ಬೇರೇನೇ. ಕೆಲಸ ಮುಗಿಸಿ ಹೋಗೋ ನೀರಿಗೆ ಒಂದೇ ಮೋರಿ ಸಾಕು. ಮೋರಿ ಕಟ್ಟಿದ್ರೆ ಬಚ್ಚಲಾಗೆ ಸ್ನಾನ ಆಗಲ್ಲ. ನಾನು ಇಷ್ಟು ದಿನ ಒಬ್ಬರ ಮೋರಿ ಕಟ್ಟಿ ಒಬ್ಬರಿಗೆ ಸ್ನಾನ ಮಾಡಿಸ್ತಿದ್ದೆ."

ಇದು ಶಾಸ್ತ್ರಕ್ಕೆ ಪೂರ್ತಿ ಒಪ್ಪುವ ಹೋಲಿಕೆಯಲ್ಲ. ಮೋರಿಯ ನೀರು ಬಾವಿಗೆ ವಾಪಸು ಹೋಗುವುದಿಲ್ಲ, ಕರೆಂಟು ಹೋಗುತ್ತದೆ. ಆದರೆ ಕೇಳುತ್ತಿದ್ದವರಿಗೆ ಬೇಕಾಗಿದ್ದುದು ಶಾಸ್ತ್ರವಲ್ಲ. ಕೂಡಿಸಬೇಕಾದದ್ದು ಮೋರಿಯಂಥ ಕೀಳು ವಸ್ತು ಎಂದು ತಿಳಿದು ಇಬ್ಬರ ಮುಖವೂ ಸಡಿಲಾಯಿತು. ಅದನ್ನು ತಮ್ಮನಿಗೆ ಬಿಟ್ಟುಕೊಟ್ಟರೆ ಬೆನಕಪ್ಪನ ಮರ್ಯಾದೆಗೇನೂ ಕುಂದಿರಲಿಲ್ಲ.

"ಆದ್ರೂ, ನನ್ನ ಕರೆಂಟು ಅವನ ಕಡೆ ದೀಪ ಹಚ್ಚಬಾರ್ದು" ಎಂದ.

"ಹಚ್ಚಿದ್ರೆ ನನ್ನ ಕೈ ಕಡೀರಿ."

ಕೈ ಕಡಿಯುವುದಕ್ಕೆ ಮೊದಲು ಷರತ್ತುಗಳಾದವು. ಕೂಡಿಸುವ ಜಾಗ ಗೋಡೆಯ ಸರಿಯಾದ ನಡುವೆ ಇರಬೇಕು. ಮಹೇಶ್ವರಪ್ಪ ದಾರ ಹಿಡಿದು ಅಳೆದ. ಯಾರ ತುಂಡು ವೈರೂ ಇನ್ನೊಬ್ಬರಿಗೆ ಋಣವಾಗಬಾರದೆಂದು ಅಲ್ಲಿಂದ ಕಾಮನ್‌ಗೆ ಒಂದರ ಬದಲು ಎರಡು ವೈರು, ಒಂದು ಅಣ್ಣ ಕೊಟ್ಟದ್ದು, ಒಂದು ತಮ್ಮ ಕೊಟ್ಟದ್ದು. ಅವರವರ ಸ್ಕ್ರೂವನ್ನು ಅವರವರೇ ಬಿಗಿಯಬೇಕು. ಮಹೇಶ್ವರಪ್ಪ ತನ್ನದನ್ನು ಬೇಗ ಮುಗಿಸಿದ. ಬೆನಕಪ್ಪ ಹುಟ್ಟಿದಂದಿನಿಂದ ಸ್ಕ್ರೂಡ್ರೈವರ್ ಹಿಡಿದವನಲ್ಲ. ತಿರುಗಿಸಿ ತಿರುಗಿಸಿ ಬೆವೆತು, ಕೊನೆಗೆ "ಲೇ, ಇದು ಬಿಗಿ ಆಗ್ತೈತೋ ಸಡ್ಲ ಆಗ್ತೈತೋ" ಎಂದು ತಮ್ಮನನ್ನೇ ಕೇಳಿದ. ತಮ್ಮ ನೋಡಿ, "ಬಲಕ್ಕೆ ತಿರುವು" ಎಂದ. ಅಷ್ಟೇ. ಇದನ್ನು ಕಂಡು ಭತ್ತ ಕೊಡವಿಕೊಳ್ಳುತ್ತಿದ್ದ ಬಂಗಾರಪ್ಪ ಕಣ್ಣೊರೆಸಿಕೊಂಡನೆಂದು ಆಮೇಲೆ ಕೆಲವರು ಹೇಳಿದರು. ಅವನ ಕಣ್ಣಿಗೆ ಹೊಟ್ಟು ಬಿದ್ದಿತ್ತು.

ಮತ್ತೆ ಸ್ವಿಚ್ಚುಗಳನ್ನೆಲ್ಲ ಒತ್ತಿ ಕಟ್ಟಿ ಕರೆಂಟು ಕೊಟ್ಟಾಗ ಎರಡೂ ಕಡೆಯ ದೀಪಗಳು ಹತ್ತಿದವು. ಬೆನಕಪ್ಪ ಎದ್ದು ಹೋಗಿ ತನ್ನ ಸಪ್ಲೈಯನ್ನು ಆರಿಸಿ ಬಂದು ನೋಡಿದ. ಅವನ ದೀಪಗಳು ಆರಿದ್ದವು, ತಮ್ಮನವು ಉರಿಯುತ್ತಿದ್ದವು. ಮಹೇಶ್ವರಪ್ಪ ತನ್ನದನ್ನು ಆರಿಸಿ ನೋಡಿದ. ಅವನವು ಮಾತ್ರ ಆರಿದವು. ಕಳ್ಳತನವಿಲ್ಲ ಎಂದು ಇಬ್ಬರಿಗೂ ಖಾತ್ರಿಯಾಯಿತು. ಸಂಜೆ ತೊಟ್ಟಿ ತುಂಬುವ ಹೊತ್ತಿಗೆ ಮಹೇಶ್ವರಪ್ಪ ಗಾದಿ ಬಿಟ್ಟು ದೂರ ನಿಂತಿದ್ದ. ತೊಟ್ಟಿ ತುಂಬಿತು, ದೀಪ ಹತ್ತಿತು, ಎಲಿವೇಟರ್ ನಿಂತಿತು.

ಬೆನಕಪ್ಪ ಮಾತಿಗೆ ತಪ್ಪಲಿಲ್ಲ. ಕೋಣೆಯ ಬೀಗದ ಕೈ ತಂದು ಭೀಮಕ್ಕನ ಕೈಗೇ ಕೊಟ್ಟ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಾರನೆಯ ದಿನ ಸುಣ್ಣ ತರಿಸಿದಳು.

ಕೋಣೆಯಲ್ಲಿ ಕರೆಂಟು ಇರಲಿಲ್ಲ. ಗೋಡೆ ಇಬ್ಬರಿಗೂ ಸೇರಿದ್ದು. ಬಲ್ಬು ಯಾರ ಮೀಟರಿನಿಂದ ಉರಿಯಬೇಕು ಎಂಬುದು ತೀರ್ಮಾನವಾಗಬೇಕಿತ್ತು. ಪಂಚರು ಎರಡು ಸಲ ಕೂತು ಎದ್ದರು. ತಿಪ್ಪೇಶಪ್ಪ ಈಗ ಕೂಡಿಸುವುದರಲ್ಲಿ ಪಳಗಿದವನ ಹಾಗೆ, "ಫೇಸ್ ಅಣ್ಣಂದು, ನ್ಯೂಟ್ರಲ್ ತಮ್ಮಂದು ತಗೊಂಡ್ರೆ ಹೆಂಗೆ?" ಎಂದು ಹೆಂಡತಿಯನ್ನು ಕೇಳಿದ.

ಭೀಮಕ್ಕ ಅವನ ಕೈಗೆ ಸೀಮೆಎಣ್ಣೆ ಡಬ್ಬಿ ಕೊಟ್ಟು ಸೊಸೈಟಿಗೆ ಕಳಿಸಿದಳು. ಅಂದಿನಿಂದ ಚನ್ನಗಿರಿಯಲ್ಲಿ ವೈರ್‌ಮನ್ ಮನೆ ಯಾವುದೆಂದು ಕೇಳಿದವರಿಗೆ ಗುರುತು ಹೇಳುವುದು ಸುಲಭವಾಯಿತು: ಮಿಲ್ಲಿನ ಹಿಂದೆ, ಬುಡ್ಡಿ ಉರಿಯುವ ಮನೆ.